ಹೋಗುವ ಜೋಂಪು, ಬರುವ ಜೋಂಪು

ನಮ್ಮೂರಿನಲ್ಲಿ ಎದುರು ಸಿಕ್ಕವರನ್ನು ಊಟ ಆಯಿತೇ ಎಂದು ಯಾರೂ ಕೇಳುವುದಿಲ್ಲ. ಮಲಗಿತಾ ಎಂದು ಕೇಳುತ್ತಾರೆ. ಯಾವ ಕೂಸು, ಯಾರ ಮನೆಯದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಿ ಎಲ್ಲರಿಗಿಂತ ಕಡೆಗೆ ಹುಟ್ಟಿದ ಕೂಸು ಯಾವುದೋ ಅದು. ಹದಿನಾಲ್ಕು ತಿಂಗಳ ಕಾಲ ಆ ಕೂಸು ನನ್ನ ಮಗಳು ದೇವೀರಿ. ಆ ಹದಿನಾಲ್ಕು ತಿಂಗಳು ನಾನು ಬಾವಿಕಟ್ಟೆಗೆ ಹೋದರೂ, ಕಸ ಚೆಲ್ಲಲು ಬೀದಿಗಿಳಿದರೂ ಜನ ನನ್ನ ಮುಖ ನೋಡುವ ಮೊದಲು ನನ್ನ ಸೊಂಟ ನೋಡುತ್ತಿದ್ದರು. ಸೊಂಟದ ಮೇಲೆ ಮಗುವಿದ್ದರೆ ಅವರ ಮುಖ ಸಣ್ಣದಾಗುತ್ತಿತ್ತು.

ಊರಿರುವುದು ಬಂಡೆಯ ನೆತ್ತಿಯ ಮೇಲೆ. ಮನೆ ಕಟ್ಟಿಕೊಳ್ಳಲು ಜಾಗವಿದೆ, ಒಂದು ಬಾವಿಯಿದೆ, ಅಲ್ಲಿಗೆ ಮುಗಿಯಿತು. ರಾಗಿ ಹೊಲ, ಸೌದೆ, ಸಂತೆ, ಸೂಲಗಿತ್ತಿ, ಪಂಡಿತರು, ಕಡೆಗೆ ಮಣ್ಣು ಮಾಡುವ ಜಾಗವೂ ಆಚೆ ಮಗ್ಗುಲಲ್ಲಿ. ಎರಡರ ನಡುವೆ ಇರುವುದು ಅಂಚು. ಬಂಡೆಯ ಪಕ್ಕೆಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲದ ದಾರಿ, ಮುಕ್ಕಾಲು ಗಂಟೆಯ ನಡಿಗೆ. ಅಲ್ಲಿ ಬೀಸುವ ಗಾಳಿ ಊರೊಳಗೆ ಬಾಗಿಲು ಬಡಿಯುವಷ್ಟಿದ್ದರೆ ಅಂಚಿನ ಮೇಲೆ ಆಳನ್ನು ಎತ್ತಿ ಒಗೆಯುವಷ್ಟಿರುತ್ತದೆ. ಕಡೆಯ ಕೂಸು ಹಗಲು ನಿದ್ದೆಗೆ ಹೋದಾಗ ಮಾತ್ರ ಗಾಳಿ ನಿಲ್ಲುತ್ತದೆ, ಕೂಸು ಕಣ್ಣು ಬಿಟ್ಟರೆ ಮತ್ತೆ ಏಳುತ್ತದೆ. ರಾತ್ರಿಯ ನಿದ್ದೆಯನ್ನು ಅದು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಯಾಕೆಂದು ನಾವು ಕೇಳಿಲ್ಲ, ಕೇಳಿದರೆ ಹೇಳುವವರಾದರೂ ಯಾರು.

ಹೀಗಾಗಿ ನಮಗೆ ಹೊತ್ತು ಎಂದರೆ ಗಡಿಯಾರವಲ್ಲ, ಜೋಂಪು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕೂಸು ಕಣ್ಣು ಮುಚ್ಚುವುದು ಹೋಗುವ ಜೋಂಪು. ಆಗ ಜನ ಆಚೆಗೆ ದಾಟುತ್ತಾರೆ. ಮಧ್ಯಾಹ್ನ ಎರಡೂವರೆಗೆ ಮತ್ತೆ ಮಲಗುವುದು ಬರುವ ಜೋಂಪು. ಆಗ ಹುಲ್ಲು ಸೌದೆ ಹೊತ್ತು ಈಚೆಗೆ ಬರುತ್ತಾರೆ. ಗಾಳಿ ನಿಂತಿತೆಂದು ಯಾರೂ ಅಂಚಿಗೆ ಕಾಲಿಡುವುದಿಲ್ಲ, ಕೂಸು ಒಂದು ಗಳಿಗೆ ತೂಕಡಿಸಿದ್ದರೂ ನಿಂತಿರಬಹುದು. ತಾಯಿ ಮಗುವಿನ ಕೈ ಎತ್ತಿ ಬಿಡಬೇಕು, ಅದು ದೊಪ್ಪನೆ ಬಿದ್ದರೆ ನಿದ್ದೆ ಗಟ್ಟಿ ಎಂದು ಅರ್ಥ. ಆಮೇಲೆ ಮಾಡಿನ ಮೇಲಿನ ಗಳಕ್ಕೆ ಹಳದಿ ಬಟ್ಟೆ ಏರಿಸಬೇಕು. ಗಂಟೆಗಿಂಟೆ ಬಾರಿಸುವ ಹಾಗಿಲ್ಲ, ಕೂಸು ಎದ್ದುಬಿಡುತ್ತದೆ.

ನಮ್ಮೂರಿನಲ್ಲಿ ಇನ್ನೊಂದು ವಾಡಿಕೆಯಿದೆ. ಚಾವಡಿಯ ಮೆಟ್ಟಿಲ ಮೇಲೆ ಐದು ಜನ ಕೂತಿರುತ್ತಾರೆ. ಅವರಲ್ಲಿ ಹಿರಿಯನಾದ ತಿಮ್ಮಯ್ಯನಿಗೆ ಐವತ್ತು ದಾಟಿದೆ, ಕಿರಿಯಳಿಗೆ ಹನ್ನೆರಡು. ಮಾತಿಲ್ಲದವರು. ಕರೆದರೆ ನೋಡುತ್ತಾರೆ, ಕೊಟ್ಟರೆ ತಿನ್ನುತ್ತಾರೆ, ಬಿಸಿಲಿಗೆ ಮುಖ ಕೊಟ್ಟು ನಗುತ್ತಾರೆ. ಹೊಸ ರಾಗಿ ಬಂದಾಗ ಮೊದಲ ಮುದ್ದೆ ಅವರಿಗೆ ಬಡಿಸಬೇಕು, ಅವರನ್ನು ದಾಟಿಕೊಂಡು ಚಾವಡಿ ಹತ್ತುವಾಗ ಚಪ್ಪಲಿ ಬಿಡಬೇಕು. ಜೋಂಪಿನವರು ಎಂದು ಅವರನ್ನು ಕರೆಯುತ್ತೇವೆ. ಮದುವೆಯಾಗಿ ಬಂದ ಹೊಸದರಲ್ಲಿ, ಸದಾ ಅರೆನಿದ್ದೆಯಲ್ಲಿ ಇರುವ ಹಾಗೆ ಕಾಣುವುದರಿಂದ ಆ ಹೆಸರು ಬಂದಿರಬೇಕು ಎಂದುಕೊಂಡಿದ್ದೆ. ನಾನೂ ಚಪ್ಪಲಿ ಬಿಟ್ಟೇ ನಡೆಯುತ್ತಿದ್ದೆ.

ದೇವೀರಿ ಹುಟ್ಟಿದ ಮೂರನೆಯ ದಿನ, ಅಲ್ಲಿಯವರೆಗೆ ಕಡೆಯ ಕೂಸಿದ್ದ ಮನೆಯವರು ಒಂದು ಮೊರ ತಂದು ನಮ್ಮ ನಡುಮನೆಯಲ್ಲಿಟ್ಟರು. ಮೊರದಲ್ಲಿ ವೀಳ್ಯದೆಲೆ, ಹಳದಿ ಬಟ್ಟೆ, ಒಂದು ಪುಟ್ಟ ಸಾಣೆಕಲ್ಲು, ಒಂದು ಜಾಯಿಕಾಯಿ. ಜಾಯಿಕಾಯಿಯ ಒಂದು ಮಗ್ಗುಲು ತೇಯ್ದು ತೇಯ್ದು ಚಪ್ಪಟೆಯಾಗಿತ್ತು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಸೂರಿಗೆ ಸಿಕ್ಕಿಸಿದರು. "ಮೂರು ಸುತ್ತು. ಎದೆಹಾಲ್ನಲ್ಲಿ ತೇಯ್ದು ಮೂರೇ ಸುತ್ತು. ಅದೂ ಬೇರೆ ದಾರಿ ಕಾಣ್ದಾಗ ಮಾತ್ರ," ಅಂದರು. ನಾನು ಬಾಣಂತಿ, ಸರಿ ಅಂದೆ.

ಮೊದಲ ತಿಂಗಳುಗಳಲ್ಲಿ ಸೂರಿನ ಕಡೆ ಕೈ ಚಾಚಬೇಕಾಗಲೇ ಇಲ್ಲ. ಹಸುಗೂಸು ದಿನವೆಲ್ಲ ಮಲಗುತ್ತದೆ. ಜನ ಬೇಕೆಂದಾಗ ಆಚೆಗೆ ಹೋದರು, ಬೇಕೆಂದಾಗ ಬಂದರು. ಬರುವಾಗ ನಮ್ಮ ಜಗುಲಿಯ ಮೇಲೆ ಸೊಪ್ಪು, ಅವರೆಕಾಯಿ, ಒಂದು ಹಿಡಿ ಕಡಲೆಕಾಯಿ ಇಟ್ಟು ಹೋಗುತ್ತಿದ್ದರು. ದೇವೀರಿ ಬಂಗಾರದಂಥ ಮಗು ಎಂದು ಊರಿಗೆ ಊರೇ ಹೊಗಳಿತು. ಹೊಗಳಿಕೆಯನ್ನೆಲ್ಲ ನಾನು ನನ್ನದೇ ಎಂದು ತೆಗೆದುಕೊಂಡೆ. ಮಗುವನ್ನು ಮಲಗಿಸುವ ಕಲೆ ನನ್ನ ಕೈಯಲ್ಲಿದೆ ಎಂದು ಬಾವಿಕಟ್ಟೆಯಲ್ಲಿ ಜಂಭ ಕೊಚ್ಚಿಕೊಂಡದ್ದೂ ಉಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹನ್ನೊಂದನೆಯ ತಿಂಗಳಿನಲ್ಲಿ ಅವಳು ಬೆಳಗಿನ ನಿದ್ದೆಯನ್ನು ಒಲ್ಲೆ ಅಂದಳು. ಅಳಲಿಲ್ಲ, ರಂಪ ಮಾಡಲಿಲ್ಲ. ಜೋಲಿಯಲ್ಲಿ ಹಾಕಿದರೆ ಎದ್ದು ಕೂತು ಹಗ್ಗ ಹಿಡಿದು ನಗುವಳು. ತೂಗುತ್ತ ತೂಗುತ್ತ ನನಗೇ ತೂಕಡಿಕೆ ಬರುತ್ತಿತ್ತು, ಅವಳಿಗಿಲ್ಲ. ಹೊರಗೆ ಮೂವತ್ತು ಜನ ಕುಡುಗೋಲು, ಬುತ್ತಿ ಹಿಡಿದು ಅಂಚಿನ ಬಾಯಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಒಂಬತ್ತು ಹತ್ತಾಗಿ, ಹತ್ತು ಹನ್ನೊಂದಾಗಿ, ಹನ್ನೊಂದೂವರೆಗೆ ಸೋತು ಮಲಗಿದರೆ ಒಂದು ಗಂಟೆ ಮಲಗುವಳು. ಆಮೇಲೆ ಮಧ್ಯಾಹ್ನದ ನಿದ್ದೆಯಿಲ್ಲ. ಎರಡಿದ್ದದ್ದು ಒಂದಾಯಿತು. ಎಲ್ಲ ಮಕ್ಕಳೂ ಹೀಗೇ, ಹಲ್ಲು ಬರುವ ವಯಸ್ಸಿಗೆ ಒಂದು ನಿದ್ದೆ ಬಿಡುತ್ತವೆ. ಆದರೆ ಆ ಹೊತ್ತಿಗೆ ಊರಿನಲ್ಲಿ ಇನ್ನೊಂದು ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿರುತ್ತಿತ್ತು. ಆ ವರ್ಷ ಹುಟ್ಟಿರಲಿಲ್ಲ. ನಮ್ಮ ಪಕ್ಕದ ಮನೆಯ ಮಾದೇವಿ ಒಬ್ಬಳು ಬಸುರಿ, ಅವಳಿಗೂ ಇನ್ನೂ ದಿನವಿತ್ತು.

ಒಂದೇ ಜೋಂಪಿಗೆ ಊರು ಹೊಂದಿಕೊಂಡಿತು. ಇವತ್ತು ಹೋದವರು ನಾಳೆ ಬರುವುದು, ನಾಳೆ ಬಂದವರು ನಾಡಿದ್ದು ಹೋಗುವುದು. ಆಚೆ ಮಗ್ಗುಲಲ್ಲಿ ಗರಿಯ ಗುಡಿಸಲು ಎದ್ದವು. ನನ್ನ ಗಂಡ ಒಂದು ದಿನ ಮನೆ, ಒಂದು ದಿನ ಗುಡಿಸಲು. ದೇವೀರಿ ಅಪ್ಪನನ್ನು ನೋಡಿ ಮೊದಮೊದಲು ಓಡಿಬರುತ್ತಿದ್ದವಳು ಬರಬರುತ್ತ ನನ್ನ ಸೆರಗಿನ ಹಿಂದೆ ನಿಂತು ನೋಡತೊಡಗಿದಳು. "ನನ್ ಮಗಳ ನಿದ್ದೆಗೆ ನಾನೇ ಹೊರಗಿನವ್ನು ಆಗ್ಬುಟ್ಟೆ ನೋಡು," ಅಂದರು ಅವರು, ನಕ್ಕುಕೊಂಡೇ.

ಹದಿಮೂರನೆಯ ತಿಂಗಳಿಗೆ ಬಿದ್ದಾಗ ಮೇಲಿನ ಹಲ್ಲುಗಳು ಹೊರಟವು. ಒಂದಲ್ಲ, ನಾಲ್ಕೂ ಒಟ್ಟಿಗೆ. ವಸಡು ಊದಿ ಕೆಂಪಾಯಿತು. ಜೊಲ್ಲು ಸುರಿದು ಸುರಿದು ಗಲ್ಲದ ಕೆಳಗೆ ಚರ್ಮ ಸುಲಿಯಿತು, ದಿನಕ್ಕೆ ಆರು ಅಂಗಿ ಬದಲಿಸಿದರೂ ಎದೆ ಒದ್ದೆ. ಬಾಗಿಲ ಅಗುಳಿ ಕಚ್ಚಿದಳು, ಜೋಲಿಯ ಹಗ್ಗ ಕಚ್ಚಿದಳು, ನನ್ನ ಭುಜ ಕಚ್ಚಿದಳು. ಒಣಗಿದ ರೊಟ್ಟಿಯ ಅಂಚು ಕೊಟ್ಟೆ, ತಣ್ಣೀರಿನ ಬಟ್ಟೆ ಕೊಟ್ಟೆ, ಬೆರಳಿಗೆ ಜೇನು ಸವರಿ ವಸಡು ತಿಕ್ಕಿದೆ. ಕಿವಿ ಎಳೆದುಕೊಂಡು ಅಳುವಳು. ಮೈ ಕಾವು, ಭೇದಿ. ಮಲಗಿದರೆ ಹತ್ತು ನಿಮಿಷ, ಹದಿನೈದು ನಿಮಿಷ, ಚುಚ್ಚಿದ ಹಾಗೆ ಎದ್ದುಬಿಡುವಳು.

ಆಗಲೇ ಅವಳಿಗೆ ನಾಲ್ಕು ಮಾತು ಬರುತ್ತಿತ್ತು. ಅವ್ವ, ಬೌ, ಇಲ್ಲ, ಗಾಯಿ. ಗಾಯಿ ಎಂದರೆ ಗಾಳಿ. ಬಾಗಿಲು ಬಡಿದುಕೊಂಡಾಗೆಲ್ಲ ಬೆರಳು ತೋರಿಸಿ ಗಾಯಿ ಅನ್ನುವಳು. ಅವಳಿಗೆ ಗೊತ್ತಿತ್ತೋ ಇಲ್ಲವೋ, ಹಾಗೆ ಅನ್ನುವಾಗ ಮುಖದಲ್ಲಿ ಒಂದು ಯಜಮಾನಿಕೆ ಇರುತ್ತಿತ್ತು.

ಒಂದು ಶುಕ್ರವಾರ ಹನ್ನೆರಡಕ್ಕೆ ಕೈ ಎತ್ತಿ ಬಿಟ್ಟೆ, ದೊಪ್ಪನೆ ಬಿತ್ತು. ಬಟ್ಟೆ ಏರಿಸಿದೆ. ಇಪ್ಪತ್ತು ನಿಮಿಷಕ್ಕೆ ಅವಳು ಚೀರಿಕೊಂಡು ಎದ್ದಳು. ನಾನು ಬಟ್ಟೆ ಇಳಿಸುವ ಮೊದಲೇ ಗಾಳಿ ಎದ್ದಿತ್ತು. ಅಂಚಿನ ನಡುವೆ ಇದ್ದವರು ಅವಳು ಮತ್ತೆ ಮಲಗುವವರೆಗೆ ಬಂಡೆಗೆ ಕಟ್ಟಿದ ಸರಪಳಿ ಹಿಡಿದು ಬೋರಲು ಮಲಗಿ ಮೂರು ಗಂಟೆ ಕಳೆದರಂತೆ. ದಾಟುವವರ ಮುಂದಾಳು ಚನ್ನಬೋರಯ್ಯ ಗಾಳಿಗೆ ಹಾರಿಹೋಗುತ್ತಿದ್ದ ಒಬ್ಬ ಹೆಂಗಸನ್ನು ಎಳೆದುಕೊಳ್ಳಲು ಹೋಗಿ ಎಡಗೈ ಮುರಿದುಕೊಂಡ. ಸಂಜೆ ಅವನು ಕೈಗೆ ಬಿದಿರಿನ ದಬ್ಬೆ ಕಟ್ಟಿಕೊಂಡು ನಮ್ಮ ಜಗುಲಿಯ ಮೇಲೆ ಬಂದು ಕೂತ. ಒಂದು ಮಾತೂ ಬೈಯಲಿಲ್ಲ. ದೇವೀರಿಯ ಬಾಯೊಳಗೆ ಇಣುಕಿ ನೋಡಿ, "ಇನ್ನೂ ಎರಡು ಒಳಗೇ ಅವೆ ಕಣವ್ವ," ಅಂದು ಎದ್ದುಹೋದ. ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನದಿಂದ ಹೆಂಗಸರು ಬರತೊಡಗಿದರು. ಒಬ್ಬಳು ಬಜೆ ತಂದಳು, ಒಬ್ಬಳು ಹರಳೆಣ್ಣೆ ತಂದಳು. ಬಂದವರೆಲ್ಲ ಕೂತು, ಮಗುವಿನ ತಲೆ ಸವರಿ, ಕಡೆಗೆ ಸೂರಿನ ಕಡೆ ಒಂದು ನೋಟ ನೋಡಿ ಹೋಗುವರು. ನಾನು ಬೀದಿಗಿಳಿಯುವುದನ್ನು ಬಿಟ್ಟೆ. ಮಗುವಿನ ಮೇಲೆ ಸಿಟ್ಟು ಬರತೊಡಗಿತು. ಒಮ್ಮೆ ಜೋಲಿಯನ್ನು ಹಿಡಿದು ಜೋರಾಗಿ ಅಲ್ಲಾಡಿಸಿ, "ಮಲಗೇ ಹಾಳಾದೋಳೆ," ಅಂದೆ. ಅವಳು ಅಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆ ನೋಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮಾದೇವಿಗೆ ನೋವು ಬಂದದ್ದು ದಿನ ತುಂಬುವ ಮೂರು ವಾರ ಮೊದಲು, ಒಂದು ಸೋಮವಾರ ಬೆಳಿಗ್ಗೆ. ಮುಂದಿನ ವಾರ ಸೂಲಗಿತ್ತಿ ದುಂಡಮ್ಮನನ್ನು ಆಚೆಯಿಂದ ಕರೆತಂದು ಇಟ್ಟುಕೊಳ್ಳೋಣ ಎಂದು ಮಾತಾಗಿತ್ತು, ಅಷ್ಟರಲ್ಲಿ ಹೀಗಾಯಿತು. ದೇವೀರಿ ಎರಡು ದಿನದಿಂದ ಹಗಲು ಕಣ್ಣು ಮುಚ್ಚಿರಲಿಲ್ಲ, ಗಾಳಿಯೂ ಎರಡು ದಿನದಿಂದ ನಿಂತಿರಲಿಲ್ಲ. ಅತ್ತೆ ಮಾದೇವಿಯ ಬಳಿ ಹೋಗಿ ನೋಡಿ ಬಂದರು. ಬಂದವರು ಕೈ ತೊಳೆಯದೆ ಬಾಗಿಲಲ್ಲೇ ನಿಂತರು.

"ಕಾಲು ಮುಂದಾಗೈತೆ ಸಿದ್ದಿ. ನನ್ ಕೈಲಿ ಆಗಲ್ಲ. ದುಂಡಮ್ಮ ಬರ್ಲೇಬೇಕು."

ಗೋಡೆಯಾಚೆಯಿಂದ ಮಾದೇವಿಯ ಕೂಗು ಕೇಳುತ್ತಿತ್ತು. ನನ್ನ ಸೊಂಟದ ಮೇಲೆ ದೇವೀರಿಯೂ ಕೂಗುತ್ತಿದ್ದಳು. ಬಾಗಿಲ ಹೊರಗೆ ಚನ್ನಬೋರಯ್ಯ ನಿಂತಿದ್ದ, ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು.

"ನಾನೇ ಓಗಿ ಕರ್ಕಂಬತ್ತೀನಿ," ಅಂದ. "ಆದ್ರೆ ಓಗಾಕೆ ಮುಕ್ಕಾಲು, ಬರಾಕೆ ಮುಕ್ಕಾಲು. ಒಂದೇ ಜೋಂಪ್ನಲ್ಲಿ ಎರಡೂ ಆಗ್ಬೇಕು. ಮಧ್ಯ ಎದ್ಳು ಅಂದ್ರೆ ದುಂಡಮ್ಮನೂ ಇಲ್ಲ, ನಾನೂ ಇಲ್ಲ."

"ಮೂರು ಸುತ್ತಿಗೆ ಎಷ್ಟೊತ್ತು ಮಲಗ್ತದೆ ಅತ್ತೆ?"

"ಮುಕ್ಕಾಲು ಗಂಟೆ. ಒಂದು ಗಂಟೆ ಅನ್ಕೊ."

ಅತ್ತೆ ನೆಲ ನೋಡಿಕೊಂಡು ಮಾದೇವಿಯ ಮನೆಗೆ ವಾಪಸು ಹೋದರು. ಚನ್ನಬೋರಯ್ಯ ಅಂಚಿನ ಬಾಯಿಗೆ ಹೋದ. ನಾನು ಜಾಯಿಕಾಯಿ ಇಳಿಸಿದೆ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ಹಾಲು ಹಿಂಡಿ ತೇಯತೊಡಗಿದೆ. ಹೋಗಲು ಮೂರು ಸುತ್ತು. ಬರಲು ಮೂರು ಸುತ್ತು. ಆಮೇಲೆ ಹೆದರಿಕೆಗೆ ಒಂದು. ಇದು ಮಾದೇವಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ, ಅದು ಸುಳ್ಳಲ್ಲ. ಆದರೆ ಆ ಕೂಸು ಉಳಿದು ಹುಟ್ಟಿದರೆ ಮೊರ ಅವರ ಮನೆಗೆ ಹೋಗುತ್ತದೆ, ನಾನು ಮತ್ತೆ ಬೀದಿಯಲ್ಲಿ ಓಡಾಡಬಹುದು ಎನ್ನುವುದೂ ಮನಸ್ಸಿನಲ್ಲಿತ್ತು. ಏಳನೆಯ ಸುತ್ತು ಅದಕ್ಕೇ ಇದ್ದೀತು. ಬೆರಳಿನಿಂದ ಬಳಿದು ಅವಳ ನಾಲಗೆಗೆ ಹಚ್ಚಿದೆ. ಕಹಿಗೆ ಮುಖ ಕಿವುಚಿದಳು. ಹೊರಗೆ ಬಾಗಿಲು ಬಡಿಯಿತು, "ಗಾಯಿ," ಅಂದಳು.

ಅರ್ಧ ಗಂಟೆಯೊಳಗೆ ಕಣ್ಣು ಮುಚ್ಚಿತು. ಕೈ ಎತ್ತಿ ಬಿಟ್ಟೆ, ಒದ್ದೆ ಬಟ್ಟೆಯ ಹಾಗೆ ಬಿತ್ತು. ಗಾಳಿ ನಿಂತಿತು. ಬಟ್ಟೆ ಏರಿಸಿ ಬಂದು ಜೋಲಿಯ ಪಕ್ಕ ಕೂತೆ. ಎರಡು ದಿನದ ಮೇಲೆ ಊರು ಅಷ್ಟು ಮೌನವಾಗಿತ್ತು, ಮಾದೇವಿಯ ಕೂಗುಗಳ ನಡುವೆ ಒಲೆಯ ಮೇಲೆ ಅನ್ನ ಕುದಿಯುವುದೂ ಕೇಳುತ್ತಿತ್ತು. ಒಂದೂವರೆ ಗಂಟೆ ಕಳೆಯುತ್ತಲೇ ದುಂಡಮ್ಮ ಬಂದಳು ಎಂದು ಬೀದಿಯಲ್ಲಿ ಯಾರೋ ಪಿಸುದನಿಯಲ್ಲಿ ಹೇಳಿಕೊಂಡು ಹೋದರು. ಆ ಮೇಲೆ ಅತ್ತೆ ಬಂದು, "ನನ್ ರಟ್ಟೆ ಸೋತು ಓಯ್ತು, ನೀನು ಓಗಿ ಮಾದೇವಿ ಭುಜ ಹಿಡ್ಕೊ. ಇವ್ಳ ಹತ್ರ ನಾನು ಕೂತಿರ್ತೀನಿ," ಅಂದರು. ಹೋದೆ.

ಮಾದೇವಿಯ ಹೆರಿಗೆಯನ್ನು ವಿವರಿಸುವುದಿಲ್ಲ. ಅವಳ ಉಗುರು ನನ್ನ ಮುಂಗೈಗೆ ಇಳಿದ ಗುರುತು ಇನ್ನೂ ಇದೆ. ಕಡೆಗೆ ದುಂಡಮ್ಮ ಕೂಸನ್ನು ಕಾಲು ಹಿಡಿದು ಎಳೆದುಕೊಂಡಳು, ಬೆನ್ನು ತಟ್ಟಿದಳು, ಅದು ಅತ್ತಿತು. ಅದೇ ಗಳಿಗೆಗೆ ಹೊರಗೆ ಗಾಳಿ ಭೋರೆಂದು ಎದ್ದಿತು. ಅಬ್ಬ, ದೇವೀರಿ ಎದ್ದಳು ಎಂದುಕೊಂಡೆ. ಹದಿನಾಲ್ಕು ತಿಂಗಳು ಗಾಳಿಯೇ ನನಗೆ ಅವಳ ಸುದ್ದಿ ಹೇಳುತ್ತಿತ್ತು. ಕೊಟ್ಟಿಗೆಯಲ್ಲಿರಲಿ, ಬಾವಿಯ ಹತ್ತಿರವಿರಲಿ, ಗಾಳಿ ಎದ್ದರೆ ಮಗಳು ಎದ್ದಳು ಎಂದು ಮೈಗೇ ಅಭ್ಯಾಸವಾಗಿತ್ತು. ಅತ್ತೆ ಗಂಜಿ ಕುಡಿಸುತ್ತಾರೆ ಬಿಡು ಎಂದು ನಿರಾಳವಾಗಿ ಕೂತೆ. ಕೂಸಿಗೆ ನೀರು ಹಾಕಿದೆ. ಮಾದೇವಿಗೆ ಬೆಲ್ಲ ಮೆಣಸಿನ ಕಷಾಯ ಕುಡಿಸಿದೆ. ದುಂಡಮ್ಮ ಕೊಟ್ಟ ಎಲೆ ಅಡಿಕೆ ಹಾಕಿಕೊಂಡೆ. ಬಹಳ ದಿನಗಳ ಮೇಲೆ ನಾಲ್ಕು ಜನ ಹೆಂಗಸರ ಜೊತೆ ಕೂತು ನಕ್ಕೆ. ಎರಡು ಗಂಟೆ ಹೊತ್ತು ಹಾಗೇ ಕಳೆದೆ.

ಮನೆಗೆ ಬಂದಾಗ ಅತ್ತೆ ಇನ್ನೂ ಜೋಲಿ ತೂಗುತ್ತಿದ್ದರು.

"ಇನ್ನೂ ಎದ್ದಿಲ್ಲ ಕಣೆ. ಒಳ್ಳೇ ನಿದ್ದೆ. ಎಷ್ಟು ದಿನದ್ದು ಬಾಕಿ ಇತ್ತೋ."

"ಗಾಳಿ ಎದ್ದು ಎರಡು ಗಂಟೆ ಆಯ್ತಲ್ಲ ಅತ್ತೆ?"

ಅತ್ತೆ ನನ್ನ ಮುಖ ನೋಡಿದರು. "ಅದು ಮಾದೇವಿ ಕೂಸಿನ್ ಗಾಳಿ ಅಲ್ವಾ. ಎದ್ದಾಗ ನಾನು ಜೋಲಿ ನೋಡ್ದೆ, ಇವ್ಳು ಮಲಗೇ ಇದ್ಲು. ಅಲ್ಲಿ ಕೂಸು ಹುಟ್ತು ಅಂತ ಗೊತ್ತಾಯ್ತು. ನಮ್ ಸರದಿ ಮುಗೀತು ಸಿದ್ದಿ."

ನಾನು ಜೋಲಿಯ ಬಟ್ಟೆ ಸರಿಸಿದೆ. ತುಟಿ ನೀಲಿಗೆ ತಿರುಗಿತ್ತು. ಉಸಿರು ಇತ್ತು, ಆದರೆ ಒಂದಕ್ಕೂ ಮುಂದಿನದಕ್ಕೂ ನಡುವೆ ಇನ್ನು ಬರುವುದಿಲ್ಲವೇನೋ ಅನ್ನುವಷ್ಟು ಹೊತ್ತು. ಅಂಗಾಲಿಗೆ ಹೊಡೆದೆ, ತಣ್ಣೀರು ಎರಚಿದೆ, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದೆ. ದುಂಡಮ್ಮ ಓಡಿಬಂದು ರೆಪ್ಪೆ ಬಿಡಿಸಿ ನೋಡಿದಳು.

"ಎಷ್ಟು ಸುತ್ತು ತೇಯ್ದೆ?"

"ಮೂರು," ಅಂದೆ. ಅವಳು ಸಾಣೆಕಲ್ಲು ನೋಡಿದಳು, ನನ್ನನ್ನು ನೋಡಿದಳು.

ಹೊರಗೆ ಗಾಳಿ ನಿಲ್ಲುವುದು, ಏಳುವುದು, ನಿಲ್ಲುವುದು. ಅದಕ್ಕೂ ನನ್ನ ಮಗಳಿಗೂ ಇನ್ನು ಯಾವ ಸಂಬಂಧವೂ ಇರಲಿಲ್ಲ. ಅವಳು ಇದ್ದಾಳೋ ಇಲ್ಲವೋ ಎಂದು ತಿಳಿಯಲು ನನಗೆ ಉಳಿದದ್ದು ಅವಳ ಮೂಗಿನ ಕೆಳಗೆ ಹಿಡಿದ ನನ್ನ ಬೆರಳು ಮಾತ್ರ. ಆ ಬೆರಳನ್ನು ನಾನು ಮಾರನೆಯ ದಿನ ಮಧ್ಯಾಹ್ನದವರೆಗೆ ತೆಗೆಯಲಿಲ್ಲ. ಮೂರನೆಯ ದಿನ ಅತ್ತೆ ಮೊರ ಸಿದ್ಧಮಾಡಿ, ವೀಳ್ಯದೆಲೆ ಹೊಸದಿಟ್ಟು, ಬಟ್ಟೆ, ಕಲ್ಲು, ಜಾಯಿಕಾಯಿ ಎಲ್ಲವನ್ನೂ ಮಾದೇವಿಯ ಮನೆಗೆ ಹೊತ್ತುಕೊಂಡು ಹೋದರು. ಆ ಹೊತ್ತಿಗೆ ದೇವೀರಿ ಕಣ್ಣು ಬಿಟ್ಟು ಒಂದು ದಿನವಾಗಿತ್ತು. ಬಾಯಿ ತೆರೆದಾಗ ನೋಡಿದೆ, ಉಳಿದ ಎರಡು ಹಲ್ಲೂ ವಸಡು ಒಡೆದು ಹೊರಗೆ ಬಂದಿದ್ದವು. ಅವಳು ಅಳಲಿಲ್ಲ. ನನ್ನ ಕಡೆ ನೋಡಿದಳು, ನನ್ನನ್ನು ದಾಟಿ ಕಿಟಕಿಯ ಬಿಸಿಲನ್ನು ನೋಡಿದಳು, ನಕ್ಕಳು.

ಅವ್ವ ಅನ್ನಲಿಲ್ಲ. ಬೌ ಅನ್ನಲಿಲ್ಲ. ಬಾಗಿಲು ಬಡಿದುಕೊಂಡರೆ ತಿರುಗಿಯೂ ನೋಡಲಿಲ್ಲ. ಒಂದು ವಾರ ಕಾದೆ, ಒಂದು ತಿಂಗಳು ಕಾದೆ. ನಿಶ್ಶಕ್ತಿ, ಸರಿಹೋಗುತ್ತದೆ ಎಂದು ಎಲ್ಲರೂ ಅಂದರು. ನನ್ನ ಗಂಡ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ದಿನಕ್ಕೆ ನೂರು ಸಲ ಅಪ್ಪ ಅನ್ನು ಎಂದು ಹೇಳಿಕೊಟ್ಟರು. ಏನಾಯಿತು ಎಂದು ಅವರು ನನ್ನನ್ನು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಆ ವರ್ಷ ಹೊಸ ರಾಗಿ ಬಂದಾಗ ಚನ್ನಬೋರಯ್ಯ ಒಂದು ಬಟ್ಟಲಿನಲ್ಲಿ ಮೊದಲ ಮುದ್ದೆ ತಂದು ದೇವೀರಿಯ ಮುಂದೆ ಇಟ್ಟ. ಇಡುವ ಮೊದಲು ಹೊಸ್ತಿಲಾಚೆ ಚಪ್ಪಲಿ ಬಿಟ್ಟ.

ಆಗ ಗೊತ್ತಾಯಿತು. ಚಾವಡಿಯ ಮೆಟ್ಟಿಲ ಮೇಲಿನ ಐದೂ ಜನ, ತಿಮ್ಮಯ್ಯನನ್ನೂ ಸೇರಿಸಿ, ಒಂದೊಂದು ಕಾಲಕ್ಕೆ ಊರಿನ ಕಡೆಯ ಕೂಸುಗಳಾಗಿದ್ದವರು. ಒಬ್ಬೊಬ್ಬರ ಹಿಂದೆಯೂ ಒಂದೊಂದು ಹೆರಿಗೆಯೋ, ಒಂದೊಂದು ಸಂತೆಯೋ, ಒಂದೊಂದು ಹೆಣವೋ ಇತ್ತು. ಅತ್ತೆಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಚಪ್ಪಲಿ ಬಿಡುತ್ತಿದ್ದರು. ನಾನು ಆ ಬಟ್ಟಲನ್ನು ಎತ್ತಿ ಬೀದಿಗೆ ಎಸೆಯಬೇಕು ಎಂದುಕೊಂಡೆ. ಎಸೆಯಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಮಗಳಿಗೆ ತಿನ್ನಿಸಿದೆ.

ಆಚೆ ಮಗ್ಗುಲಿನ ಸಂತೆಗೆ ಪ್ರತಿ ಸೋಮವಾರ ದೂರದ ಒಬ್ಬರು ಪಂಡಿತರು ಬರುತ್ತಾರೆ. ನಾಲಗೆಗೆ ಒಂದು ಬೇರು ಕೊಡುತ್ತಾರೆ, ನೆತ್ತಿಗೆ ಎಣ್ಣೆ ಹಚ್ಚುತ್ತಾರೆ. "ಒಂದು ವಾರವೂ ತಪ್ಪಿಸಬೇಡಿ, ತಪ್ಪಿಸಿದರೆ ಮಾಡಿದ್ದೆಲ್ಲ ನೀರಿಗೆ ಹೋಗ್ತದೆ," ಎಂದು ಮೊದಲ ದಿನವೇ ಹೇಳಿದರು. ಹತ್ತು ತಿಂಗಳು ತಪ್ಪಿಸಲಿಲ್ಲ. ಕಳೆದ ತಿಂಗಳು ಬಾಗಿಲು ಬಡಿದಾಗ ದೇವೀರಿ ತಲೆ ತಿರುಗಿಸಿದಳು. ತುಟಿ ಒಮ್ಮೆ ಅಲುಗಿತು. ನನಗೆ ಹಾಗೆ ಕಂಡಿರಬಹುದು. ಆದರೆ ಕಂಡಿತು.

ಈಗ ಮಾದೇವಿಯ ಮಗನಿಗೆ ಹನ್ನೆರಡು ತಿಂಗಳು. ಈ ಊರಿನಲ್ಲಿ ಇನ್ನೂ ಬೇರೆ ಕೂಸು ಹುಟ್ಟಿಲ್ಲ. ಅವನು ಬೆಳಗಿನ ನಿದ್ದೆ ಬಿಟ್ಟ. ಮೇಲಿನ ಹಲ್ಲು ಹೊರಟಿವೆ. ಹೋದ ಸೋಮವಾರ ಅವನು ಮಲಗಲೇ ಇಲ್ಲ, ನನಗೆ ದಾಟಲಾಗಲಿಲ್ಲ. ಒಂದು ವಾರ ತಪ್ಪಿತು. ಈ ಸೋಮವಾರ ಬೆಳಿಗ್ಗೆ ದೇವೀರಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಅಂಚಿನ ಬಾಯಲ್ಲಿ ಹನ್ನೊಂದರವರೆಗೆ ಕೂತೆ. ಗಳದ ಮೇಲೆ ಬಟ್ಟೆ ಏರಲಿಲ್ಲ. ಹನ್ನೆರಡಾಯಿತು. ಪಂಡಿತರು ಮೂರಕ್ಕೆ ಗಂಟು ಕಟ್ಟುತ್ತಾರೆ. ಎದ್ದು ಮಾದೇವಿಯ ಮನೆಗೆ ನಡೆದೆ.

ಅವಳು ಮಗನನ್ನು ಹೆಗಲಿಗೆ ಹಾಕಿಕೊಂಡು ನಡುಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ತಲೆ ಬಾಚಿರಲಿಲ್ಲ. ಹೆಗಲಿನ ತುಂಬ ಜೊಲ್ಲು. ಅವನು ಅವಳ ಭುಜ ಕಚ್ಚುತ್ತಿದ್ದ. ಅವನು ಬದುಕಿರುವುದು ಯಾವ ಬೆಲೆಗೆ ಎಂದು ಅವಳಿಗೆ ಗೊತ್ತಿಲ್ಲ. ಅವಳ ಮುಂದೆ ನಾನು ಹೇಳಿಲ್ಲ, ಯಾರೂ ಹೇಳಿಲ್ಲ.

"ಮಲಗ್ತಾ?" ಅಂತು ನನ್ನ ಬಾಯಿ.

"ಇಲ್ಲ ಕಣಕ್ಕ. ಎರಡು ದಿನ ಆಯ್ತು. ನಂಗೆ ಸಾಕಾಗೋಯ್ತು." ಅವಳ ಕಣ್ಣು ಸೂರಿನ ಕಡೆ ಹೋಯಿತು. ಅಲ್ಲಿ ಸಾಣೆಕಲ್ಲು, ಪಕ್ಕದಲ್ಲಿ ಜಾಯಿಕಾಯಿ. ನಾನು ತೇಯ್ದ ಮಗ್ಗುಲು ಈ ಕಡೆಗೇ ಇತ್ತು. "ಅತ್ತೆಮ್ಮ ಮೂರು ಸುತ್ತು ಅಂದಿದ್ರು. ಮೂರು ಸಾಕಾ ಅಕ್ಕ? ನೀನು ದೇವೀರಿಗೆ ಎಷ್ಟು ತೇಯ್ತಿದ್ದೆ?"

ಅದನ್ನು ಮುಟ್ಟಬೇಡ, ಕಿತ್ತು ಅಂಚಿನಿಂದಾಚೆ ಎಸೆ ಎಂದು ಹೇಳುವುದು ಎಷ್ಟು ಸುಲಭವಿತ್ತು. ಹೇಳಲೆಂದೇ ಬಾಯಿ ತೆರೆದೆ. ದೇವೀರಿ ಸೊಂಟದ ಮೇಲೆ ಜರುಗಿದಳು. ಅವಳ ತಲೆಯಿಂದ ಪಂಡಿತರ ಎಣ್ಣೆಯ ವಾಸನೆ ಬಂತು. ಎರಡು ವಾರ ತಪ್ಪಿದರೆ ಮಾಡಿದ್ದೆಲ್ಲ ನೀರಿಗೆ ಹೋಗುತ್ತದೆ. ಇವತ್ತು ಹೋದರೆ ನಾಳೆ ವಾಪಸು, ನನಗೆ ಬೇಕಾದದ್ದು ಮುಕ್ಕಾಲು ಗಂಟೆ ಮಾತ್ರ.

"ಮೂರೇ," ಅಂದೆ. "ಮೂರಕ್ಕೆ ಏನೂ ಆಗಲ್ಲ."

"ಮೂರಕ್ಕೆ ಮಲಗ್ದೇ ಇದ್ರೆ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳ ಹೆಗಲಿನ ಮೇಲಿನ ಒದ್ದೆಯನ್ನು ನೋಡಿದೆ. ನನ್ನ ಕಾಲದಲ್ಲಿ ಬಂದು ಕೂತು ಹೋದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನೆನಪಿಗೆ ಬಂದರು. ಅವರಿಗೂ ಮನೆಯಲ್ಲಿ ಯಾರೋ ಇದ್ದಿರಬೇಕು.

"ನಂಗೆ ಮೂರು ಸಾಕಾಗ್ಲಿಲ್ಲ," ಅಂದೆ.

ಅಷ್ಟೇ ಹೇಳಿ ಹೊರಗೆ ಬಂದೆ. ಅಂಚಿನ ಬಾಯಲ್ಲಿ ಹೋಗಿ ಕೂತೆ. ಹಿಂದೆ ಸಾಣೆಕಲ್ಲಿನ ಮೇಲೆ ತೇಯುವ ಸದ್ದು ಕೇಳಿದಂತಾಯಿತು. ಅಷ್ಟು ದೂರಕ್ಕೆ, ಆ ಗಾಳಿಯಲ್ಲಿ, ಅದು ಕೇಳುವ ಸದ್ದಲ್ಲ. ಆದರೂ ನಾನು ಸುತ್ತು ಎಣಿಸತೊಡಗಿದೆ. ಒಂದು ಗಂಟೆಯಾಗುವಾಗ ಗಾಳಿ ನಿಂತಿತು. ಚನ್ನಬೋರಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ಮಾದೇವಿಯ ಮನೆಯ ಮಾಡು ನೋಡಿದ. ಹಳದಿ ಬಟ್ಟೆ ಏರಿತು, ಅಲುಗಾಡದೆ ನೇರ ಇಳಿಬಿತ್ತು. ಎಲ್ಲರೂ ಸೊಂಟದ ಧೂಳು ಕೊಡವಿಕೊಂಡು ಎದ್ದರು. ನಾನೂ ಎದ್ದು ಮಗಳನ್ನು ಸರಿಯಾಗಿ ಕಟ್ಟಿಕೊಂಡೆ. ಮಗುವಿದೆಯೆಂದು ಅವರು ನನ್ನನ್ನು ಎಲ್ಲರಿಗಿಂತ ಮುಂದೆ ಬಿಟ್ಟರು.